ನಲವತ್ತೊಂದು ಗ್ರಾಮು

ಲ್ಯಾಂಡರಿನಲ್ಲಿ ಮೇ ಬಂದರೂ ಹಿಮ ಉಳಿದಿರುತ್ತದೆ
ಬೇಲಿಯ ಬುಡದಲ್ಲಿ, ಯಾರೋ ಒಗೆಯಲು ಹಾಕಿ ಮರೆತ ಬಟ್ಟೆಯ ಹಾಗೆ.
ರಾತ್ರಿಪಾಳಿ ಮುಗಿಸಿ ನೇರ ಬಂದಿದ್ದೇನೆ.
ವರ್ಲಾಳ ಅಡುಗೆಮನೆ ಮೇಜಿನ ಮೇಲೆ ಪುಟ್ಟ ತಕ್ಕಡಿ,
ಖಾಲಿ ಮಾತ್ರೆ ಡಬ್ಬಿ, ವೈನ್ ಬಾಟಲಿಯ ಬಿರಡೆ,
ಮೊಂಡು ಬ್ಲೇಡು, ಕೆಂಪು ಉಗುರುಬಣ್ಣ,
ಹಿಡಿ ಕೊಯ್ದ ಒಂದು ಹಲ್ಲುಜ್ಜುವ ಬ್ರಶ್ಶು.
"ಬೆನ್ನಿಗೇರುವುದೆಲ್ಲ ಮೊದಲು ಇಲ್ಲಿ ಕೂರಬೇಕು"
ತಕ್ಕಡಿ ತಟ್ಟುತ್ತಾಳೆ.
ಎಪ್ಪತ್ತೊಂದು ವರ್ಷದ ಮಂಡಿ ಅವಳದು,
ಗ್ರಾಮಿಗೂ ಲೆಕ್ಕ ಕೇಳುತ್ತದೆ.

ನನಗೆ ನಗು.
ನಾನು ಗಂಗೊಳ್ಳಿಯವಳು. ನಮ್ಮಲ್ಲಿ ಬಲೆಯೆಂದರೆ ರಂಪಣಿ,
ಅದನ್ನು ಒಬ್ಬರು ಹೊರುವುದಿಲ್ಲ, ಕೇರಿ ಹೊರುತ್ತದೆ.
ಈ ತುದಿಗೆ ನಲವತ್ತು ಜನ, ಆ ತುದಿಗೆ ನಲವತ್ತು,
ಮರಳಿಗೆ ಹಿಮ್ಮಡಿ ಊರಿ
ಹಿಂದೆ ಹಿಂದೆ ನಡೆಯುತ್ತ
ಕಡಲನ್ನೇ ಮನೆಗೆ ಎಳೆದು ತರುವವರಂತೆ.
ಎಳೆದವರಿಗೆಲ್ಲ ಪಾಲು.
ಹೊಟ್ಟೆಯೊಳಗಿದ್ದ ನನಗೂ ಪಾಲೆಂದು ಅಮ್ಮ ಜಗಳ ತೆಗೆದು
ಎಂಟು ಬಂಗುಡೆ ಹೆಚ್ಚಿಗೆ ತಂದಿದ್ದಳಂತೆ.

ಇಲ್ಲಿ ಕಲಿಯುತ್ತಿದ್ದೇನೆ ಡಬ್ಬಿಗೆ ದಾರ ಸುತ್ತುವುದು.
ಡಬ್ಬಿಯ ಮೇಲೆ ಚೀಟಿ ಹಾಗೇ ಇದೆ:
ಆರ್ವಿಲ್ ಎಂದು ಹೆಸರು, ಕೆಳಗೆ
ದಿನಕ್ಕೆರಡು ಸಲ, ಊಟದ ನಂತರ.
ನನ್ನ ದನಿ ತಾನೇ ತಗ್ಗಿತು.
"ಸತ್ತಿಲ್ಲ ಮಾರಾಯ್ತಿ, ಬರೀ ರಕ್ತದೊತ್ತಡ.
ಕೇಳು, ಒಳಗೆ ರೋಡಿಯೊ ನೋಡುತ್ತ ಗೂಳಿಗೆ ಬಯ್ಯುತ್ತಿದ್ದಾನೆ."

ಸೂಜಿ ಕಾಯಿಸಿ ಡಬ್ಬಿಗೊಂದು ತೂತು.
ತೂತಿಗೆ ದಾರ, ಮೂವತ್ತಡಿ, ಒಂದರ ಮೇಲೊಂದು ಏರದಂತೆ.
ಒಳಗೆ ಐದು ಗಾಳ, ಮೆಣಸಿನಕಾಳಿನಷ್ಟು ಗುಂಡು ಆರು,
ದಿಂಬಿನ ಗರಿ ಕಟ್ಟಿದ ಸುಳ್ಳು ನೊಣ,
ಅದರ ಕತ್ತಿಗೆ ಉಗುರುಬಣ್ಣದ ಬೊಟ್ಟು.
ಗಾಳಕ್ಕೆ ಅಮ್ಮನ ಗಂಟು ಹಾಕಿದೆ,
ಹರಿದ ಬಲೆಗೆ ಅವಳು ಹಾಕುತ್ತಿದ್ದದ್ದು.
ಜಾರಿತು. ಮತ್ತೆ ಹಾಕಿದೆ, ಮತ್ತೆ ಜಾರಿತು.
ಹತ್ತಿನೂಲಿಗೆ ಹುಟ್ಟಿದ ಗಂಟು
ಈ ನುಣುಪು ನೈಲಾನನ್ನು ಗುರುತೇ ಹಿಡಿಯಲಿಲ್ಲ.
"ಐದು ಸುತ್ತು. ಎಂಜಲು ಹಚ್ಚು. ಈಗ ಬಿಗಿ."
ಎಂಜಲು!
ಕೈ ತೊಳೆಸಿ ಬೆಳೆಸಿದ ಅಮ್ಮ ಇದನ್ನು ನೋಡಬೇಕಿತ್ತು.
ನಿಂತಿತು.

ಬಿರಡೆಯೂ ಸೇರಿ ನಲವತ್ತೊಂದು ಗ್ರಾಮು.

ಜುಲೈ. ವಿಂಡ್ ರಿವರ್ ಬೆಟ್ಟಗಳು.
ನಾಲ್ಕನೆಯ ಮೈಲಿಗೆ ನಾನು ಬೆಂಡಾದೆ,
ಬೆಂಡು ಮಾತ್ರ ಜೇಬಿನೊಳಗೆ ಹಾಯಾಗಿತ್ತು.
ಪೈನ್ ಮರಗಳು ಗಿಡ್ಡವಾಗಿ, ಗಿಡ್ಡವಾಗಿ, ನಿಂತೇಹೋದವು.
ಆಮೇಲೆ ಕಲ್ಲು, ಕಲ್ಲಿನ ನಡುವೆ ಹೆಸರಿಲ್ಲದ ಒಂದು ಕೆರೆ,
ಅಷ್ಟು ತಿಳಿ, ಆಳವೇ ಇಲ್ಲವೆನ್ನಿಸುವಷ್ಟು.
ಡಬ್ಬಿಯನ್ನು ಬ್ಯಾಟರಿ ಹಿಡಿದ ಹಾಗೆ ಮುಂದೆ ಚಾಚಿ
ಬಲಗೈಯಲ್ಲಿ ಬೆಂಡನ್ನು ಬೀಸಿ ಬಿಟ್ಟೆ.
ಸರ್ರನೆ ಬಿಚ್ಚಿತು ದಾರ.
ಕಾದೆವು. ಸೊಳ್ಳೆಗಳು ಕಾಯಲಿಲ್ಲ.
ಮೀನಿನ ಹೆಜ್ಜೆ ಯಾರು ಕಂಡಿದ್ದಾರೆ?
ಮೋಡ ಕೆರೆಗಿಳಿದು, ಎದ್ದು, ಹೋಯಿತು.
ಬೆಂಡು ಒಮ್ಮೆ ತಲೆದೂಗಿತು.
ಇನ್ನೊಮ್ಮೆ.
ಇಲ್ಲ.

"ಸುತ್ತು! ಸುತ್ತು!" ವರ್ಲಾ ಕೂಗುತ್ತಿದ್ದಾಳೆ.
ನನ್ನ ಕಾಲಿಗೆ ಕೇಳಿಸಲಿಲ್ಲ.
ಹಿಮ್ಮಡಿ ಊರಿ, ಮೈ ಹಿಂದಕ್ಕೆ ವಾಲಿಸಿ
ಹಿಂದೆ ಹಿಂದೆ ನಡೆದೆ ಕಲ್ಲಿನ ಮೇಲೆ,
ಆ ತುದಿಯಲ್ಲಿ ನಲವತ್ತು ಜನ ಇಲ್ಲದೆಯೂ,
ಹೋ ಎಂದು ಕೂಗುವ ಒಂದು ಗಂಡಸೂ ಇಲ್ಲದೆಯೂ.
ಬಂತು.
ಅಂಗೈಯುದ್ದ ಟ್ರೌಟು, ಹೊಟ್ಟೆ ಕಿತ್ತಳೆ,
ಬೆನ್ನ ಮೇಲೆ ಯಾರೋ ಗೀಚಿದ ಹುಳುಸಾಲು.
ವರ್ಲಾ ನಕ್ಕು ನಕ್ಕು ಕಲ್ಲಿನ ಮೇಲೆ ಕೂತಳು, ಮಂಡಿ ಹಿಡಿದು.

ಸುಟ್ಟೆವು. ಬ್ಲೇಡಿನಿಂದ ಎರಡು ಭಾಗ.
ತಲೆಯನ್ನು ದೂರ ಹೂಳಿ ಬರುತ್ತೇನೆಂದು ಎದ್ದಳು,
ತಡೆದೆ. ತಲೆ ನನಗಿರಲಿ.
"ವಾಸನೆ ಹಿಡಿದು ಕರಡಿ ಬಂದರೆ?"
ಕಣ್ಣಿನ ಸುತ್ತಲಿನದನ್ನು ಚೀಪುತ್ತ ಕೇಳಿದೆ:
ಅದೇನು, ಹಗ್ಗ ಎಳೆದಿತ್ತಾ?