ಗಂಟಲು ಉಗ್ರಾಣದಲ್ಲಿ, ಬಾಯಿ ನಡುಮನೆಯಲ್ಲಿ

ಮೊದಲು ಹೋದದ್ದು ಊಟದ ಮೇಜು.
"ಎರಡು ವಾರ, ಅಷ್ಟೆ" ಅಂದ ಅರ್ವಿ,
ಅದರ ಮೇಲೆ ಕಾಗದ ಹಾಸಿ
ಬಳುಕುವ ಒಂದು ಗೆರೆ ಎಳೆದ.
ಅದು ಮೂರು ವರ್ಷದ ಹಿಂದಿನ ಅಕ್ಟೋಬರು.
ಅಂದಿನಿಂದ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡೇ
ನಾವು ಮೀನಿನ ಸಾರು ಉಣ್ಣುವುದು.

ಕೊಂಬು ಅಂದರೆ ಅವಸರವಿಲ್ಲದ ಬಾಯಿ, ಅನ್ನುತ್ತಾನೆ.
ಅರವತ್ತು ಸೆಂಟಿಮೀಟರಿಗೊಮ್ಮೆ ಇಮ್ಮಡಿಸಬೇಕು ಹರವು,
ಬೆರಳಷ್ಟೂ ಹೆಚ್ಚಲ್ಲ, ಕಡಿಮೆಯಲ್ಲ;
ಆತುರಪಟ್ಟರೆ ತಗ್ಗು ದನಿ ಅಂಚಿನ ತನಕ ಬಂದು
ತಣ್ಣೀರು ಕಂಡ ಕರುವಿನ ಹಾಗೆ
ಬೆದರಿ ಹಿಂದಕ್ಕೋಡುತ್ತದಂತೆ.
ನನಗೆ ತಿಳಿದದ್ದು ಇಷ್ಟು:
ನಾಲ್ಕು ಮೀಟರು ಉದ್ದ ನಡುಮನೆಗಿಲ್ಲ, ಕೊಂಬಿಗಿದೆ.

ಹಾಗಾಗಿ ಗೋಡೆ ಕೊಯ್ದ.
ಬಾಯಿ ನಡುಮನೆಯಲ್ಲಿ, ಕಿಟಕಿಗಿಂತ ದೊಡ್ಡದು;
ಹೊಟ್ಟೆ ಓಣಿಯಲ್ಲಿ, ನಾವು ಬಗ್ಗಿ ದಾಟಬೇಕು;
ಗಂಟಲು ನನ್ನ ಉಗ್ರಾಣದಲ್ಲಿ,
ಕಾಡುಹಣ್ಣಿನ ಜಾಮಿನ ಜಾಡಿಗಳ ನಡುವೆ
ತಟ್ಟೆಯಗಲದ ಒಂದು ಕತ್ತಲೆ.

"ನಿನಗೇನು ಕೊಂಬು ಮೂಡಿದೆಯಾ?" ಎಂದು ರೇಗಿದೆ.
"ಒಂದು" ಅಂದ, "ಇನ್ನೊಂದು ಬರುವ ವರ್ಷ."

ಮೂವತ್ತೊಂದು ವರ್ಷ ಪ್ಲೈವುಡ್ ಕಾರ್ಖಾನೆಯಲ್ಲಿ
ಬರ್ಚ್ ದಿಮ್ಮಿ ಸುಲಿಯುವ ಯಂತ್ರದ ಪಕ್ಕ ನಿಂತವನು.
ಎಡಗಿವಿಯನ್ನು ಆ ಯಂತ್ರ ಇಟ್ಟುಕೊಂಡಿತು,
ಬಲಗಿವಿಯನ್ನು ಪಿಂಚಣಿಯ ಜೊತೆ ಕೊಟ್ಟು ಕಳಿಸಿತು.
ಹಾಳೆ ಬಾಗುವ ಬಗೆ ಮಾತ್ರ ಬೆರಳು ಮರೆತಿಲ್ಲ.
ಬಿಸಿನೀರ ಬಟ್ಟೆ ಸುತ್ತಿ, ಕಾದು,
ನಿದ್ದೆಗಣ್ಣಿನ ಮಗುವಿಗೆ ಕಾಲುಚೀಲ ತೊಡಿಸುವ ಹಾಗೆ
ಪಟ್ಟಿಗಳನ್ನು ಪಕ್ಕೆಲುಬಿಗೆ ಒಗ್ಗಿಸುತ್ತಾನೆ.
ನಲವತ್ತು ಕ್ಲಾಂಪು. ಸಾಲದ್ದಕ್ಕೆ
ನನ್ನ ಹೊಲಿಗೆ ಯಂತ್ರ, ಎರಡು ಇಸ್ತ್ರಿಪೆಟ್ಟಿಗೆ,
ಅವನಪ್ಪನ ಅಡಿಗಲ್ಲು, ಭಾರಕ್ಕೆ.
ಬೆಣ್ಣೆಗೂ ಗೋಂದಿನ ವಾಸನೆ.

ಗಂಟಲಿಗೆ ಕೂರಿಸುವ ಡ್ರೈವರು
ನಾಗೋಯಾದಲ್ಲಿ ಮುಚ್ಚಿದ ಯಾವುದೋ ಚಿತ್ರಮಂದಿರದ್ದು;
ಹಡಗಿನಲ್ಲಿ ಬರಬೇಕು. ಏಳು ವಾರವಾಯಿತು.
ಅಷ್ಟೂ ದಿನ ಕೊಂಬು ಬಾಯ್ದೆರೆದು ಕೂತಿತ್ತು.
ಒಳಗೆ ಬೆಕ್ಕು ಮಲಗಿದರೆ
ಗೊರಕೆ ಮನೆಯಷ್ಟಾಗುತ್ತಿತ್ತು.

ಒಂದು ಸಂಜೆ ಜಾಡಿ ತೆಗೆಯುತ್ತ,
ಕೂಗುವಷ್ಟು ಉಸಿರೂ ಇಲ್ಲದೆ,
ಆ ತಟ್ಟೆಯಗಲದ ಕತ್ತಲೆಗೆ ಅಂದೆ:
ಊಟಕ್ಕೆ ಬಾ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಮೊದಲ ಕರೆಗೇ ಬಂದ.
ಉಗ್ರಾಣದ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದ.
"ನಿನ್ನ ದನಿ ಒಡೆದಿದೆ" ಅಂದ. "ಯಾವಾಗಿಂದ?"

ಜುಲೈಯಲ್ಲಿ ಡ್ರೈವರು ಬಂತು.
ಹಾಡು ಹಾಕುತ್ತಾನೆ ಅಂದುಕೊಂಡಿದ್ದೆ.
ಹಾಕಿದ್ದು ಅವನದೇ ಟೇಪು: ಫೆಬ್ರವರಿಯಲ್ಲಿ
ಸರೋವರದ ಮೇಲೆ ಬೋರಲು ಮಲಗಿ
ಮಂಜುಗಡ್ಡೆಗೆ ಮೈಕು ಒತ್ತಿ ಹಿಡಿದದ್ದು.
ನಾಲ್ಕೇ ವಾಟು, ರಾತ್ರಿ ದೀಪಕ್ಕೂ ಸಾಲದು.
ಮೊದಲು ಏನೂ ಇಲ್ಲ.
ಆಮೇಲೆ ನೆಲಕ್ಕೆ ತಿಳಿಯಿತು, ಆಮೇಲೆ ಮೊಣಕಾಲಿಗೆ,
ಕಿವಿಗೆ ಎಲ್ಲಕ್ಕಿಂತ ಕೊನೆಗೆ:
ದಡದಿಂದ ದಡಕ್ಕೆ ಸೀಳುತ್ತ ಹೋಗುವ ಬಿರುಕು,
ಅದರ ಹಿಂದೆಯೇ, ಕೆಳಗೆ,
ಮಗ್ಗುಲು ಬದಲಿಸುವ ನೀರಿನ ನರಳಾಟ.

ಹೊರಗೆ ಕತ್ತಲಾಗದ ರಾತ್ರಿ.
ಪಕ್ಕದ ಮನೆಯ ಪೆಂಟ್ಟಿ ಚಡ್ಡಿಯಲ್ಲೇ ಓಡಿದ,
ದೋಣಿಯನ್ನು ದಡಕ್ಕೆಳೆಯಲು;
ಮೊಣಕಾಲುದ್ದ ನೀರಿಗಿಳಿದ ಮೇಲೆ ನೆನಪಾಯಿತಂತೆ,
ಇದು ಬೇಸಿಗೆ.
ಒದ್ದೆ ಕಾಲಲ್ಲೇ ಒಳಬಂದ.
ಬೈಯುತ್ತಾನೆ ಅಂದುಕೊಂಡೆ.
ಕೂತ. "ಇನ್ನೊಮ್ಮೆ ಹಾಕು" ಅಂದ.

ಅರ್ವಿ ಕುರ್ಚಿ ತಿರುಗಿಸಿ
ಸತ್ತ ಕಿವಿಯನ್ನೇ ಕೊಂಬಿಗೆ ಕೊಟ್ಟು ಕೂತಿದ್ದ.

ಈಗ ಉಗ್ರಾಣದ ಕತ್ತಲೆಗೆ ಎಂಟು ಬೋಲ್ಟು ಬಿಗಿದಿದೆ.
ಊಟಕ್ಕೆ ಮತ್ತೆ ಮೂರು ಸಲ ಕೂಗಬೇಕು.
ಎರಡನೆಯ ಕೊಂಬಿಗಾಗಿ
ಮಲಗುವ ಕೋಣೆಯ ಗೋಡೆ ಅಳೆಯುತ್ತಿದ್ದಾನೆ.
ನಾನು ತಕರಾರು ತೆಗೆದಿಲ್ಲ.
ಅದರ ಡ್ರೈವರು ತಡವಾಗಿಯೇ ಬರಲಿ
ಅಂತಷ್ಟೇ ಹೇಳಿದ್ದೇನೆ,
ಅವನ ಎಡಗಡೆ ನಿಂತು.