ಒಳಗೆ ಹೋದವುಗಳ ಲೆಕ್ಕ

ಹಿಡಿದ ಚೆಂಡಿಗೆ ಯಾರೂ ಲೆಕ್ಕ ಇಡಲಿಲ್ಲ.
ದಾವಣಗೆರೆಯ ಮಿಲ್ಲಿನ ಟೀಮಿಗೆ ಹದಿಮೂರು ವರ್ಷ
ಗೋಲಿನಲ್ಲಿ ನಿಂತೆ. ನೂಲಿನ ಖಾತೆಯಲ್ಲಿ ಬದಲಿ ಕೆಲಸ,
ಸಂಜೆ ನಾಲ್ಕಕ್ಕೆ ಬಿಡುಗಡೆ,
ಕ್ಯಾಂಟೀನಿನಲ್ಲಿ ದಿನಕ್ಕೆರಡು ಮೊಟ್ಟೆ.
ಒಳಗೆ ಹೋದವನ್ನು ಮಾತ್ರ ನಾನೇ ಬರೆದಿಟ್ಟೆ,
ಹಳೆ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ:
ತಾರೀಖು, ಯಾವ ಊರು, ಯಾವ ಕಾಲು, ಯಾವ ಮೂಲೆ,
ನನ್ನ ಯಾವ ಹೆಜ್ಜೆ ತಡ.
ಒಟ್ಟು ಇನ್ನೂರ ಹನ್ನೆರಡು.

ದಸ್ತಗೀರ್ ಅಂದರೆ ಕೈಹಿಡಿದು ಕಾಯುವವನು
ಎಂದು ಅಮ್ಮಿ ಹೇಳುತ್ತಿದ್ದಳು, ಮಂಡಕ್ಕಿ ಭಟ್ಟಿಯ ಮುಂದೆ,
ಕಾದ ಮರಳಲ್ಲಿ ಅಕ್ಕಿ ಸಿಡಿಯುವ ಸದ್ದಿನ ಮೇಲೆ ದನಿ ಏರಿಸಿ.
ಬ್ಯಾಕ್ ಆಡುವ ತಿಪ್ಪೇಸ್ವಾಮಿ ನಗುತ್ತಿದ್ದ:
"ಕೈ ಆಮ್ಯಾಲೆ ಹಿಡಿಯುವಂತಿ, ಮೊದ್ಲು ಬಾಲು ಹಿಡಿಯಲೇ."

ಗ್ಲೌಸು ಅಂದರೆ ಆಗ
ಹತ್ತಿ ವೇಸ್ಟು ತುಂಬಿ ಹೊಲಿದ ಕಾಲುಚೀಲ.
ಮೈದಾನ ಎರೆನೆಲ, ಬೇಸಿಗೆಗೆ ಬಿರಿಯುತ್ತಿತ್ತು;
ಬಿರುಕಿಗೆ ಬಡಿದ ಚೆಂಡು
ಕೊಟ್ಟ ಮಾತು ತಪ್ಪುತ್ತಿತ್ತು.
ಬಳ್ಳಾರಿಯವನ ಬೂಟಿನಡಿ ಸಿಕ್ಕ ಕಿರುಬೆರಳು
ಅವತ್ತಿನಿಂದ ಬೇರೆ ದಿಕ್ಕಿಗೇ ತಿರುಗಿದೆ.
ಬಸ್‌ಸ್ಟ್ಯಾಂಡಿನಲ್ಲಿ ಯಾರಿಗಾದರೂ ದಾರಿ ತೋರಿಸಿದರೆ
ಎರಡು ದಾರಿ ತೋರಿಸಿದಂತಾಗುತ್ತದೆ.

ಮಿಲ್ಲು ಮುಚ್ಚಿದಾಗ ಗೋಲುಗಂಬಗಳನ್ನೂ ಗುಜರಿಗೆ ತೂಗಿದರು.
ತೊಂಬತ್ತು ಕೆ.ಜಿ. ಒಂದು ತುದಿ ನಾನೇ ಹಿಡಿದಿದ್ದೆ.

ಆಮೇಲೆ ಭಟ್ಟಿ. ಎಷ್ಟೋ ವರ್ಷ ಬರೀ ಭಟ್ಟಿ.
ಒಂದು ದಿನ ಪಿ.ಟಿ. ಮೇಷ್ಟ್ರು ಬಂದರು, ಸೈಕಲ್ಲಿನಿಂದ ಇಳಿಯದೆ ಕೇಳಿದರು:
ಹೆಣ್ಣುಮಕ್ಕಳ ಟೀಮು ಕಟ್ಟೀನಿ ಸಾಬ್ರೆ,
ಗೋಲಿಗೆ ನಿಲ್ಲೋಕೆ ಒಬ್ಬಳೂ ಒಪ್ತಿಲ್ಲ.

ಕೊನೆಗೆ ಒಪ್ಪಿದವಳು ಕರಿಬಸಮ್ಮ, ಎಂಟನೇ ಕ್ಲಾಸು.
ಅಪ್ಪ ಯಾರ್ಡಿನಲ್ಲಿ ಮೆಕ್ಕೆಜೋಳದ ಚೀಲ ಹೊರುತ್ತಾನೆ;
ಭಾರವನ್ನು ಎದೆಗೊತ್ತಿ ಹಿಡಿಯುವುದು
ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.
ಬೀಳುವುದು ಕಲಿಸಬೇಕಿತ್ತು.
ಭಟ್ಟಿಯಿಂದ ನಾಲ್ಕು ಚೀಲ ಹೊಟ್ಟು ತಂದು ಸುರಿದೆ:
ಮೊದಲು ಮಂಡಿಯ ಪಕ್ಕ, ಆಮೇಲೆ ಸೊಂಟ, ಆಮೇಲೆ ಭುಜ,
ಗೋಡೆಗೆ ಆನಿಸಿದ ಚೀಲ ಜಾರುವಂಗೆ, ಅವಸರ ಬ್ಯಾಡ.
ವಾರಗಟ್ಟಲೆ ಅವಳ ಜಡೆಯಲ್ಲಿ ಹೊಟ್ಟು.
ಅವರವ್ವ ಬೈದು ಕಳಿಸಿದಳು.

ಈಗ ದಿನಾ ಸಂಜೆ ಪುಸ್ತಕ ತೆಗೆಯುತ್ತೇನೆ,
ಒಂದು ಸಾಲು ಮನಸ್ಸಿನಲ್ಲೇ ಓದಿಕೊಂಡು
ಆ ಗೋಲನ್ನು ಅವಳಿಗೆ ಹೊಡೆಯುತ್ತೇನೆ.
ಶಿವಮೊಗ್ಗದವನ ಎಡಗಾಲು, ಭದ್ರಾವತಿಯವನ ತಲೆ,
ಎಲ್ಲ ಈ ಮುದಿ ಬಲಗಾಲಲ್ಲಿ, ಬಂದಷ್ಟು.
ಹೋದರೆ "ಹೋಗ್ಲಿ ಬಿಡು" ಅನ್ನುತ್ತೇನೆ.
ನನಗೂ ಹೋಗಿತ್ತು ಅನ್ನುವುದಿಲ್ಲ.

ನಿನ್ನೆ ನೂರಾ ನಲವತ್ತಮೂರು.
ಫೈನಲ್ಲು. ಮೈದಾನದ ಸುತ್ತ ಎರಡು ಶಿಫ್ಟಿನ ಜನ.
ಮುಗಿಯಲು ಮೂರೇ ನಿಮಿಷ.
ಅವನ ಕಣ್ಣು ಒಂದು ಮೂಲೆಗೆ, ಕಾಲು ಇನ್ನೊಂದಕ್ಕೆ.
ನಾನು ಕಣ್ಣನ್ನು ನಂಬಿ ಬಿದ್ದೆ.
ಮಗುವಿನ ಕಡೆ ಉರುಳಿಸಿದಂತೆ ಮೆಲ್ಲಗೆ ಹೋಯಿತು ಅದು,
ಮಣ್ಣಲ್ಲಿ ಕೆನ್ನೆಯಿಟ್ಟು ಪೂರ್ತಿ ನೋಡಿದೆ.
ಮೂವತ್ತೊಂದು ವರ್ಷವಾಯಿತು,
ಇನ್ನೂ ಬಲೆಗೆ ತಾಗಿಲ್ಲ, ಉರುಳುತ್ತಲೇ ಇದೆ.

ಒಂದು ಮೂಲೆಗೆ ನೋಡಿದೆ. ಇನ್ನೊಂದಕ್ಕೆ ಹೊಡೆದೆ.
ಅವಳು ಬೀಳಲೇ ಇಲ್ಲ.
ಎರಡು ಹೆಜ್ಜೆ ನಡೆದು, ಬಾಗಿ,
ನಲ್ಲಿ ಕೆಳಗಿನ ಕೊಡ ಎತ್ತಿದ ಹಾಗೆ ಎತ್ತಿಕೊಂಡಳು.
"ಇದು ಭಾಳ ಸಲೀಸೈತಲ್ಲ ಸಾ."

"ನನ್ನ ಕಣ್ಣು ನೋಡ್ಲಿಲ್ಲೇನು?"

"ಯಾಕ್ ಸಾ? ಬಾಲು ನೋಡ್ದೆ."

ಮೊಣಕೈ ಅಗಲ ಆತು, ನಡುವೆ ಬೆಕ್ಕು ತೂರುತ್ತೆ ಅಂದೆ.
ಹೇಳಲು ಬೇರೇನೂ ಸಿಗಲಿಲ್ಲ.
ಪುಸ್ತಕದಲ್ಲಿ ಆ ಸಾಲಿನ ಮೇಲೆ ಗೀಟು ಎಳೆಯಲಿಲ್ಲ;
ಅಂಗಡಿಯ ಉದ್ದರಿಯಲ್ಲ ಅದು, ತೀರಿತು ಅನ್ನಲು.

ಹಾಳೆ ತಿರುವಿದೆ. ನೂರಾ ನಲವತ್ತನಾಲ್ಕು,
ಹರಿಹರ, ಜೋರು ಮಳೆ, ಕೈಜಾರಿದ್ದು.
ಮೋಡದ ಸುಳಿವಿಲ್ಲ ಇಲ್ಲಿ.
"ಬಸಮ್ಮಾ, ಹೋಗು,
ಆ ಬಕೀಟಿನಲ್ಲಿ ಚೆಂಡು ಅದ್ದಿಕೊಂಡು ಬಾ."