ಹೊಸಿಲ ಮೇಲೆ

ಹೊಸಿಲ ಮೇಲೆ ನಿಲ್ಲಬೇಡ ಎಂದು
ಚಿಕ್ಕಂದಿನಲ್ಲಿ ಮೊಣಕಾಲಿಗೆ ತಟ್ಟುತ್ತಿದ್ದರು:
ಒಳಗೆ ಬಾ, ಇಲ್ಲ ಹೊರಗೆ ಹೋಗು.
ಈಗ ಅದೇ ನನ್ನ ಉದ್ಯೋಗ,
ಬ್ಲ್ಯಾಕ್‌ಬರ್ನ್ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ
ಗಂಟೆಗೆ ಇಪ್ಪತ್ತಾರು ಪೌಂಡು, ಬಸ್ ಚಾರ್ಜು ಬೇರೆ.
ಇದ್ದದ್ದನ್ನು ಇದ್ದ ಹಾಗೆ ದಾಟಿಸುತ್ತೇನೆ,
ಸೇರಿಸುವುದಿಲ್ಲ, ಕಳೆಯುವುದಿಲ್ಲ
ಎಂದು ಪ್ರಮಾಣ ಮಾಡಿ ನಿಂತಿದ್ದೇನೆ.

ಗಾಜಿನ ಗೂಡಿನೊಳಗೆ ದಾವಲಸಾಬ ನದಾಫ,
ಊರು ಇಳಕಲ್ಲಿನ ಮಗ್ಗುಲು, ಕೆಲಸ ಅಡುಗೆ.
ಆರೋಪ ಓದಿದರು.
ಕನ್ನ, ಎಂದೆ. ಅವನು ಕಣ್ಣರಳಿಸಿದ:
'ಕನ್ನಾ? ಗ್ವಾಡಿ ಮುಟ್ಟಿಲ್ರಿ ನಾ. ಕಿಡಕ್ಯಾಗಿಂದ ಹೋದೆ.'
ನಿಜವೇ. ಕನ್ನಕ್ಕೆ ಮಣ್ಣಿನ ಗೋಡೆ ಬೇಕು, ಅಮಾವಾಸ್ಯೆ ಬೇಕು.
ಇಲ್ಲಿರುವುದು ಕೆಂಪು ಇಟ್ಟಿಗೆ, ಎರಡು ಪದರದ ಗಾಜು,
ಮಧ್ಯಾಹ್ನ ಮೂರೂಕಾಲು.

ಮನೆ ಎಂಟ್‌ವಿಸಲ್‌ನದು. ಹೋದ ತಿಂಗಳವರೆಗೆ
ಅದರ ಅಟ್ಟದ ಕೋಣೆ ಇವನದು.
ಬೀಗ ಬದಲಾಯಿತು.
ಬಟ್ಟೆಬರೆ ಕಪ್ಪು ಚೀಲದಲ್ಲಿ ಬೀದಿಗೆ ಬಂತು,
ಹಂಚು ಬರಲಿಲ್ಲ.

'ದೇಹದ ಎಷ್ಟು ಭಾಗ ಒಳಗಿತ್ತು?'
ನೆಗಡಿಯ ಮೂಗು ಒರೆಸಿಕೊಂಡು ಕೇಳಿದಳು ಸರ್ಕಾರಿ ವಕೀಲೆ.
'ಪೂರಾ ರೀ. ಅರ್ಧಾ ಹೋಗಿ ಏನ್ ಮಾಡ್ಲಿ?'
ದಾಟಿಸಿದೆ.
ಮೂವರಲ್ಲಿ ನಡುವಿನವರು ಕಿವಿಯ ಯಂತ್ರ ಸರಿಮಾಡಿಕೊಂಡರು.

ಬರೀ ಕಾಲಿಟ್ಟರೆ ಅದು ಈ ದೇಶದಲ್ಲಿ
ಬಹುಮಟ್ಟಿಗೆ ಮನೆಯವನ ತಕರಾರು, ದಾವೆ ಹೂಡಿಕೊಳ್ಳಬೇಕು.
ಕದಿಯುವ ಮನಸ್ಸೂ ಜೊತೆಗೆ ಬಂದಿತ್ತೆಂದರೆ
ಹದಿನಾಲ್ಕು ವರ್ಷದ ತನಕ ಹೋಗಬಹುದು ಶಿಕ್ಷೆ.
ಅಂದಮೇಲೆ ವಿಚಾರಣೆ ಕಾಲಿನದಲ್ಲ,
ಕಾಲಿಗಿಂತ ಒಂದು ಗಳಿಗೆ ಮೊದಲು ಕಿಟಕಿ ಹತ್ತಿದ್ದರದು.
ಅದರ ಬೆರಳಚ್ಚು ಎಲ್ಲೂ ಸಿಗುವುದಿಲ್ಲ.

'ನಂದ ಹಂಚ್ರಿ ಅದು. ಅಮೀನಗಡ ಸಂತ್ಯಾಗ ತಗೊಂಡಿದ್ದೆ.
ವಿಮಾನದಾಗ ತೂಕ ಹೆಚ್ಚಾತಂತ
ಎರಡು ಅಂಗಿ ಬಿಟ್ಟು ಬಂದೇನ್ರಿ ಅದರ ಸಲುವಾಗಿ.'
ಸಾಕ್ಷ್ಯ ನಂಬರ್ ಮೂರು, ಪ್ಲಾಸ್ಟಿಕ್ ಚೀಲದಲ್ಲಿ
ಸುಟ್ಟು ಸುಟ್ಟು ಕಪ್ಪಾದ ಕಬ್ಬಿಣ,
ಅಂಚಿಗೆ ಇನ್ನೂ ಜೋಳದ ಹಿಟ್ಟು.

ಆಮೇಲೆ ಬಾಗಿಲ ಕ್ಯಾಮೆರಾದ ಚಿತ್ರ ಹಾಕಿದರು.
ಮುಂಬಾಗಿಲಿಂದಲೇ ಹೊರಗೆ ಬರುತ್ತಾನೆ, ಬಗಲಲ್ಲಿ ಹಂಚು,
ಸದ್ದಾಗದಂತೆ ಬಾಗಿಲು ಎಳೆದುಕೊಳ್ಳುತ್ತಾನೆ,
ಯಾರೂ ಇಲ್ಲದ ಮನೆಗೆ ಹೇಳುತ್ತಾನೆ:
'ಬರ್ತೇನ್ರಿ.'

ಏನಂದ?
ಎಲ್ಲರೂ ನನ್ನ ಕಡೆ ನೋಡಿದರು.
ನಾನು ಬರುತ್ತೇನೆ, ಎಂದೆ. ಇದ್ದದ್ದು ಇದ್ದ ಹಾಗೆ.
ವಕೀಲೆಯ ನೆಗಡಿ ಅಲ್ಲಿಗೇ ಅರ್ಧ ಇಳಿಯಿತು:
ಕೇಳಿದಿರಲ್ಲ, ಮತ್ತೆ ಬರುತ್ತಾನಂತೆ.

ಕೈ ಎತ್ತಿದೆ. ಒಂದು ಮಾತು, ಎಂದೆ.
ಒಂದೇ, ಎಂದರು.
ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಅನ್ನುವುದಿಲ್ಲ,
ಹೋದರು ಅನ್ನುವುದು ಸತ್ತವರನ್ನು.
ಆ 'ರಿ' ಬಗ್ಗೆ ಹೇಳಲಿಲ್ಲ, ಹೇಳಲು ಬರಲಿಲ್ಲ,
ತನ್ನನ್ನು ಹೊರಗೆ ಹಾಕಿದ ಬಾಗಿಲಿಗೂ ಬಹುವಚನ ಎಂದು.
ಆ ಒಂದು ಮಾತಿನಲ್ಲಿ ನಾನು ಯಾರ ಮನೆಗೆ ನುಗ್ಗಿದೆ,
ದೇಹದ ಎಷ್ಟು ಭಾಗ, ಯಾವ ಉದ್ದೇಶದಿಂದ,
ಅದನ್ನು ಯಾರೂ ಕೇಳಲಿಲ್ಲ.

ಕನ್ನ ಸಾಬೀತಾಗಲಿಲ್ಲ.
ಗಾಜು ಒಡೆದದ್ದಕ್ಕೆ ನೂರೆಂಬತ್ತು ಪೌಂಡು, ವಾರಕ್ಕೆ ಹತ್ತರಂತೆ.
ಹಂಚು ಪೊಲೀಸರ ಉಗ್ರಾಣದಲ್ಲಿದೆ, ಅರ್ಜಿ ಹಾಕಬೇಕು,
ನಮೂನೆ ಇಂಗ್ಲಿಷಿನಲ್ಲಿದೆ.

ಹೊರಗೆ ಮೆಟ್ಟಿಲ ಬಳಿ ಅವನು ಟೋಪಿ ಎಳೆದುಕೊಂಡ,
ಎರಡು ಹೆಜ್ಜೆ ಹೋಗಿ ನನ್ನ ಕಡೆ ತಿರುಗಿದ.
ಬಾಯಿ ತೆರೆದವನು
ಕಂಬದ ಮೇಲಿನ ಕ್ಯಾಮೆರಾ ನೋಡಿ
ಸುಮ್ಮನೆ ಕೈ ಎತ್ತಿದ.